ದಸರಾ ದೀಪದ ಬಿಲ್ಲೆಗಳು: ಹೊಸ ಲೆನ್ಸ್ ಕೊಳ್ಳುವ ಮೊದಲು ಬ್ಯಾಗ್ ತೆರೆದು ನೋಡಿ

ಪ್ರಶ್ನೆ: ನಾನು ಮಂಡ್ಯದವನು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಅದರ ಜೊತೆ 18-55 ಮತ್ತು 55-250 ಎರಡು ಲೆನ್ಸ್ ಬಂದಿವೆ. ಈ ದಸರಾಕ್ಕೆ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಹಿಂದಿನ ದೀಪಗಳೆಲ್ಲ ದುಂಡಗೆ ಮಸುಕಾಗಿ ಕಾಣುವ ಹಾಗೆ ಅವಳ ಫೋಟೊ ತೆಗೆಯಬೇಕು ಅಂತ ಆಸೆ. ಹೋದ ವರ್ಷ 18-55ರಲ್ಲಿ ತೆಗೆದಿದ್ದೆ. ದೀಪಗಳು ಬರೀ ಚುಕ್ಕಿ ಚುಕ್ಕಿಯಾಗಿ ಬಂದವು, ಮುಖ ಕಪ್ಪಾಯಿತು. ಫ್ಲ್ಯಾಶ್ ಹಾಕಿದರೆ ಹಿಂದಿನ ದೀಪಗಳೇ ಮಾಯ. 50 ಎಂಎಂ 1.8 ಲೆನ್ಸ್ ಇಲ್ಲದೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರ ಐದು ಸಾವಿರಕ್ಕಿಂತ ಜಾಸ್ತಿ ಇಲ್ಲ. ಏನು ಮಾಡಲಿ ಸರ್?

ಉತ್ತರ: ಆ ಐದು ಸಾವಿರವನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ನಿಮ್ಮ ಬ್ಯಾಗಿನಲ್ಲಿರುವ 55-250 ಲೆನ್ಸನ್ನು ಹೊರಗೆ ತೆಗೆಯಿರಿ. ದಸರಾ ಬೀದಿಯಲ್ಲಿ ನಿಮಗೆ ಬೇಕಾದ ದೊಡ್ಡ ದೊಡ್ಡ ಬೆಳಕಿನ ಬಿಲ್ಲೆಗಳನ್ನು ಅದೇ ಕೊಡುತ್ತದೆ. ಎಷ್ಟೋ ಸಲ 50 ಎಂಎಂ 1.8ಗಿಂತಲೂ ದೊಡ್ಡದಾಗಿಯೇ ಕೊಡುತ್ತದೆ. ಇದನ್ನು ಹೇಳಿದರೆ ಬಹಳ ಜನ ನಂಬುವುದಿಲ್ಲ. ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ.

ಹಿಂದಿನ ದೀಪ ಎಷ್ಟು ದೊಡ್ಡ ಬಿಲ್ಲೆಯಾಗುತ್ತದೆ ಅನ್ನುವುದನ್ನು ನಿರ್ಧರಿಸುವುದು ಲೆನ್ಸ್ ಒಳಗಿನ ಕಂಡಿಯ ಅಗಲ. ಅಂದರೆ ಅಪರ್ಚರ್ ನಿಜವಾಗಿ ಎಷ್ಟು ಮಿಲಿಮೀಟರ್ ತೆರೆದುಕೊಂಡಿದೆ ಅನ್ನುವುದು. ಅದನ್ನು ಕಂಡುಹಿಡಿಯುವುದು ಸುಲಭ. ಫೋಕಲ್ ಲೆಂತನ್ನು (50, 200ರಂಥ ಮಿ.ಮೀ. ಅಂಕಿ) ಎಫ್ ನಂಬರಿನಿಂದ (1.8, 5.6ರಂಥ ಅಪರ್ಚರ್ ಅಂಕಿ) ಭಾಗಿಸಿದರೆ ಆಯಿತು. 50 ಎಂಎಂ ಲೆನ್ಸನ್ನು 1.8ಕ್ಕೆ ತೆರೆದರೆ ಕಂಡಿ ಸುಮಾರು 28 ಮಿ.ಮೀ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ ಇದೆ, ಹೆಚ್ಚು ಕಡಿಮೆ ಅಷ್ಟೇ. ಈಗ ಅಕ್ಕನ ಕೆನ್ನೆಯ ಪಕ್ಕದಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಹಿಡಿದಿದ್ದಾರೆ ಅಂದುಕೊಳ್ಳಿ. ಫೋಟೊದಲ್ಲಿ ಆ ನಾಣ್ಯ ಎಷ್ಟು ದೊಡ್ಡದು ಕಾಣುತ್ತದೋ, ತುಂಬಾ ದೂರದಲ್ಲಿರುವ ಒಂದು ಬಲ್ಬು ಕೂಡ ಅಷ್ಟೇ ದೊಡ್ಡ ಬಿಲ್ಲೆಯಾಗಿ ಕಾಣುತ್ತದೆ. ನೀವು ಹತ್ತಿರದಿಂದ ತೆಗೆದರೂ ಅಷ್ಟೇ, ದೂರದಿಂದ ತೆಗೆದರೂ ಅಷ್ಟೇ. ಕ್ಯಾಮೆರಾ ಯಾವುದಾದರೂ ಮುಖಕ್ಕೂ ಬಿಲ್ಲೆಗೂ ಇರುವ ಈ ಅಳತೆ ಬದಲಾಗುವುದಿಲ್ಲ.

ಇದೇ ಲೆಕ್ಕ ನಿಮ್ಮ 18-55ಕ್ಕೆ ಹಾಕಿ. 55ಕ್ಕೆ ತಿರುಗಿಸಿದಾಗ ಅಪರ್ಚರ್ 5.6. ಕಂಡಿ 10 ಮಿ.ಮೀ.ಗೂ ಒಂದು ಕೂದಲು ಕಡಿಮೆ. ಹೋದ ವರ್ಷ ದೀಪಗಳು ಚುಕ್ಕಿಯಾಗಿ ಬಂದದ್ದಕ್ಕೆ ಕಾರಣ ಇಷ್ಟೇ, ನಿಮ್ಮ ಕೈಚಳಕದಲ್ಲಿ ತಪ್ಪಿರಲಿಲ್ಲ. ಈಗ 55-250ಕ್ಕೆ ಬನ್ನಿ. 200ರಲ್ಲಿ 5.6 ಅಂದರೆ ಕಂಡಿ 36 ಮಿ.ಮೀ. ಪೂರ್ತಿ 250ಕ್ಕೆ ಎಳೆದರೆ ಸುಮಾರು 45 ಮಿ.ಮೀ. ಹತ್ತು ರೂಪಾಯಿ ನಾಣ್ಯಕ್ಕಿಂತ ಎಷ್ಟು ದೊಡ್ಡದು ನೋಡಿ!

ಆದರೆ ಒಂದು ಷರತ್ತು ಇದೆ. ದೀಪಗಳು ನಿಜಕ್ಕೂ ದೂರ ಇರಬೇಕು. ತಲೆಯಿಂದ ಎದೆಯವರೆಗಿನ ಉದ್ದುದ್ದ ಫೋಟೊಗೆ 50 ಎಂಎಂನಲ್ಲಿ ನೀವು ಅಕ್ಕನಿಂದ ಸುಮಾರು ಐದು ಅಡಿ ದೂರ ನಿಲ್ಲುತ್ತೀರಿ. 200ರಲ್ಲಿ ಅದೇ ಫೋಟೊ ಬೇಕಾದರೆ ಇಪ್ಪತ್ತು ಅಡಿ ಹಿಂದೆ ಹೋಗಬೇಕು. ನಿಮಗೂ ಅಕ್ಕನಿಗೂ ಎಷ್ಟು ದೂರ ಇದೆಯೋ, ಅಕ್ಕನಿಗೂ ದೀಪಕ್ಕೂ ಅಷ್ಟೇ ದೂರ ಇದ್ದರೆ ಬಿಲ್ಲೆ ಅರ್ಧಕ್ಕೆ ಇಳಿಯುತ್ತದೆ. ಅದರ ಮೂರು ಪಟ್ಟು ದೂರ ಇದ್ದರೆ ಮುಕ್ಕಾಲು ಭಾಗ ಸಿಗುತ್ತದೆ. ಅಂದರೆ 200ರಲ್ಲಿ ತೆಗೆಯುವಾಗ ಅಕ್ಕನ ಹಿಂದೆ ಅರವತ್ತು ಅಡಿ ದೂರದಲ್ಲಿ ದೀಪಗಳು ಶುರುವಾದರೆ 27 ಮಿ.ಮೀ. ಬಿಲ್ಲೆ. ಅದೇ ನಾಣ್ಯ, ಒಂದು ರೂಪಾಯಿ ಖರ್ಚಿಲ್ಲದೆ. ಮನೆ ಒಳಗೆ ಅರವತ್ತು ಅಡಿ ಎಲ್ಲಿಂದ ಬರಬೇಕು? ಹಾಗಾಗಿ ಒಳಗೆ 50 ಎಂಎಂ ಗೆಲ್ಲುತ್ತದೆ, ಬೀದಿಯಲ್ಲಿ 55-250 ಗೆಲ್ಲುತ್ತದೆ. ನಿಮ್ಮ ಆಸೆ ಬೀದಿಯದು.

ಇನ್ನೊಂದು ಲಾಭವನ್ನೂ ಹೇಳಿಬಿಡುತ್ತೇನೆ. 50 ಎಂಎಂ 1.8ರಲ್ಲಿ ಐದು ಅಡಿಯಿಂದ ತೆಗೆದರೆ ಶಾರ್ಪ್ ಆಗಿ ಬರುವ ಆಳ ಆರು ಸೆಂಟಿಮೀಟರ್ ಅಷ್ಟೇ. ಕಣ್ಣು ಶಾರ್ಪ್ ಇದ್ದರೆ ಕಿವಿಯ ಜುಮಕಿ ಮಸುಕು. 200ರಲ್ಲಿ 5.6 ಇಟ್ಟು ಇಪ್ಪತ್ತು ಅಡಿಯಿಂದ ತೆಗೆದರೆ ಆ ಆಳ ಸುಮಾರು 18 ಸೆಂಟಿಮೀಟರ್. ಕಣ್ಣು, ಜುಮಕಿ, ಜಡೆಗೆ ಮುಡಿದ ಮಲ್ಲಿಗೆಯ ಮುಂಭಾಗ ಎಲ್ಲವೂ ಶಾರ್ಪ್, ಹಿಂದೆ ಬಿಲ್ಲೆಗಳೂ ದೊಡ್ಡವು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇಲ್ಲ.

ಇಲ್ಲಿಯವರೆಗೆ ಬಿಲ್ಲೆಯ ಮಾತಾಯಿತು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಆ ಎರಡು ಪದ: ‘ಮುಖ ಕಪ್ಪಾಯಿತು’. ಪೋರ್ಟ್ರೇಟ್ ಅಂದರೆ ಮುಖ. ಬಿಲ್ಲೆ ಸ್ವಲ್ಪ ಚಿಕ್ಕದಾದರೂ ಫೋಟೊ ನಿಲ್ಲುತ್ತದೆ, ಮುಖದ ಬೆಳಕು ಕೆಟ್ಟರೆ ನಿಲ್ಲುವುದಿಲ್ಲ. ದಸರಾದಲ್ಲಿ ಮೇಲೆ ತೋರಣದ ಹಾಗೆ ಕಟ್ಟಿರುವ ದೀಪಗಳು ಕಣ್ಣಿಗೆ ಹಬ್ಬ ಹೌದು, ಆದರೆ ಅವು ಮುಖಕ್ಕೆ ಬೆಳಕು ಕೊಡುವುದಿಲ್ಲ. ಮುಖಕ್ಕೆ ಬೆಳಕು ಬೇರೆ ಕಡೆಯಿಂದ ತರಬೇಕು. ಅದು ಬೀದಿಯಲ್ಲೇ ಬಿಟ್ಟಿ ಸಿಗುತ್ತದೆ. ಅಂಗಡಿಯ ಬೆಳಕು!

ಸಯ್ಯಾಜಿರಾವ್ ರಸ್ತೆ ಅಥವಾ ದೇವರಾಜ ಅರಸು ರಸ್ತೆಯ ಫುಟ್‌ಪಾತಿನಲ್ಲಿ ನಿಧಾನಕ್ಕೆ ನಡೆಯುತ್ತಾ ಹೋಗಿ. ದೀಪಗಳನ್ನು ನೋಡಬೇಡಿ, ಎದುರಿಗೆ ಬರುವ ಜನರ ಮುಖ ನೋಡಿ. ಯಾವ ಅಂಗಡಿ ಮುಂದೆ ಬಂದಾಗ ಅವರ ಮುಖ ಬೆಳಗುತ್ತದೆ, ಯಾವ ಅಂಗಡಿ ಮುಂದೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ ಅಂತ ಗಮನಿಸಿ. ಬೋರ್ಡಿನ ಮೇಲೆ ಮಾತ್ರ ಲೈಟು ಇರುವ ಅಂಗಡಿ ನಮಗೆ ಕೆಲಸಕ್ಕೆ ಬಾರದು. ಬೆಳಕು ಮೇಲಿಂದ ಸುರಿದು ಕಣ್ಣುಗಳು ಗುಳಿಬಿದ್ದ ಹಾಗೆ ಕಾಣುತ್ತವೆ. ದೊಡ್ಡ ಗಾಜಿನ ಶೋಕೇಸ್ ಇರುವ ಸೀರೆ ಅಂಗಡಿ, ಆಭರಣದ ಅಂಗಡಿ ಬೇಕು. ಅಲ್ಲಿ ಬೆಳಕು ಮುಖದ ಎತ್ತರದಿಂದ, ಅಗಲವಾಗಿ ಬರುತ್ತದೆ. ಸ್ವೀಟ್ ಅಂಗಡಿಯ ಗಾಜಿನ ಕೌಂಟರ್ ಇನ್ನೂ ಚೆನ್ನ. ಒಳಗಿನ ಲೈಟು ಕೆಳಗಿನಿಂದ ಮೆತ್ತಗೆ ಬಂದು ಗಲ್ಲದ ನೆರಳನ್ನು ತುಂಬುತ್ತದೆ. ಅಂಗಡಿಯವರಿಗೆ ‘ಎರಡು ನಿಮಿಷ ಇಲ್ಲಿ ನಿಂತು ಒಂದು ಫೋಟೊ ತಗೋತೀವಿ ಅಣ್ಣಾ’ ಅಂದರೆ ಸಾಕು, ಗಿರಾಕಿಗಳಿಗೆ ಅಡ್ಡ ಆಗದಿದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಈಗ ಅಕ್ಕನನ್ನು ನಿಲ್ಲಿಸುವ ಬಗೆ. ಎಲ್ಲರೂ ರಸ್ತೆಯ ಅಡ್ಡಕ್ಕೆ ಫೋಟೊ ತೆಗೆಯುತ್ತಾರೆ. ಎದುರಿನ ಅಂಗಡಿ ನಲವತ್ತು ಅಡಿಗೇ ಮುಗಿಯುತ್ತದೆ, ಅದರ ಬೋರ್ಡು ಅರ್ಧಂಬರ್ಧ ಓದುವ ಹಾಗೆ ಹಿಂದೆ ಕಾಣುತ್ತದೆ. ನೀವು ರಸ್ತೆಯ ಉದ್ದಕ್ಕೆ ತೆಗೆಯಿರಿ. ಫುಟ್‌ಪಾತಿನ ಮೇಲೆ ಅಕ್ಕ ಅಂಗಡಿಯ ಗಾಜಿನಿಂದ ಎರಡು ಮೂರು ಅಡಿ ದೂರ ನಿಲ್ಲಲಿ. ನೀವು ಅದೇ ಫುಟ್‌ಪಾತಿನಲ್ಲಿ ಇಪ್ಪತ್ತು ಅಡಿ ಈಚೆ ಬನ್ನಿ. ಅಕ್ಕನ ಮೈ ನಿಮ್ಮ ಕಡೆಗೆ, ಮುಖ ಮಾತ್ರ ಒಂದಿಷ್ಟು ಅಂಗಡಿ ಕಡೆಗೆ ತಿರುಗಲಿ. ಕಣ್ಣಿನ ಕರಿಗುಡ್ಡೆಯಲ್ಲಿ ಒಂದು ಬಿಳಿ ಹೊಳಪು ಕಂಡಿತಾ? ಅಲ್ಲೇ ನಿಲ್ಲಿಸಿ. ಆ ಹೊಳಪು ಇಲ್ಲದಿದ್ದರೆ ಕ್ಲಿಕ್ ಮಾಡಲೇ ಬೇಡಿ, ಇನ್ನೂ ಸ್ವಲ್ಪ ತಿರುಗಿಸಿ. ಅವಳ ಹಿಂದೆ ಈಗ ಇಡೀ ರಸ್ತೆಯ ಉದ್ದದ ದೀಪಗಳು, ಬಸ್ಸು ಆಟೊಗಳ ಹಿಂದಿನ ಕೆಂಪು ಲೈಟುಗಳು, ದೂರದ ಸಿಗ್ನಲ್ಲು. ದೂರ ಹೋದಷ್ಟೂ ಬಿಲ್ಲೆ ದೊಡ್ಡದು.

ನೀವು ಸ್ವಲ್ಪ ಕುಕ್ಕರುಗಾಲಿನಲ್ಲಿ ಕೂತು ತೆಗೆದರೆ ಮೇಲಿನ ತೋರಣದ ದೀಪಗಳು ತಲೆಯ ಹಿಂದಕ್ಕೆ ಇಳಿಯುತ್ತವೆ. ಒಂದು ದೊಡ್ಡ ಬಿಲ್ಲೆ ಸರಿಯಾಗಿ ನೆತ್ತಿಯ ಮೇಲೆ ಕೂತರೆ ಕಣ್ಣು ಅಲ್ಲೇ ಹೋಗುತ್ತದೆ. ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಜರುಗಿ. ಕೆನ್ನೆಯ ಅಂಚಿನ ಹಿಂದೆ ಕತ್ತಲೆ, ಭುಜದ ಮೇಲೆ ಬಿಲ್ಲೆಗಳು ಬರುವ ಹಾಗೆ ನೋಡಿಕೊಳ್ಳಿ. ಕಪ್ಪು ಕೂದಲು ಕತ್ತಲಲ್ಲಿ ಕರಗಿ ಹೋಗುತ್ತದೆ ಅನಿಸಿದರೆ ಕೂದಲಿನ ಹಿಂದೆ ಮಾತ್ರ ಒಂದೆರಡು ಬಿಲ್ಲೆ ಇರಲಿ.

ಜನ ಮಧ್ಯೆ ಬರುತ್ತಾರೆ, ಅದೊಂದು ತೊಂದರೆ ನಿಜ. ಜಂಬೂಸವಾರಿ ದಿನ ಈ ಪ್ರಯತ್ನವೇ ಬೇಡ. ನವರಾತ್ರಿಯ ಮೊದಲ ದಿನಗಳಲ್ಲಿ, ವಾರದ ನಡುವೆ ಬನ್ನಿ. ಅಕ್ಟೋಬರ್‌ನಲ್ಲಿ ಸೂರ್ಯ ಸಂಜೆ ಆರರ ಸುಮಾರಿಗೆ ಮುಳುಗುತ್ತಾನೆ. ದೀಪ ಹತ್ತಿದ ಮೇಲೂ ಆಕಾಶದಲ್ಲಿ ಸ್ವಲ್ಪ ನೀಲಿ ಉಳಿದಿರುವ ಹೊತ್ತು ಸಿಕ್ಕರೆ ಬಿಡಬೇಡಿ. ಹಿನ್ನೆಲೆ ಬರೀ ಕಪ್ಪಾಗದೆ ನೀಲಿಯ ಮೇಲೆ ಹಳದಿ ಬಿಲ್ಲೆಗಳು ಬರುತ್ತವೆ.

ಸೆಟ್ಟಿಂಗ್ ವಿಷಯಕ್ಕೆ ಬರೋಣ. ಡಯಲ್ ಎಂ (ಮ್ಯಾನುಯಲ್) ಮೇಲೆ ಇಡಿ, ಆಗ ಸೆಟ್ಟಿಂಗ್ ನಿಮ್ಮ ಕೈಯಲ್ಲಿರುತ್ತದೆ. ಲೆನ್ಸ್ 200ಕ್ಕೆ, ಅಪರ್ಚರ್ 5.6, ಶಟರ್ (ಬೆಳಕು ಒಳಗೆ ಬರುವ ಸಮಯ) 1/50 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600. ಲೆನ್ಸಿನ ಪಕ್ಕದಲ್ಲಿರುವ ಸ್ಟೆಬಿಲೈಜರ್ ಬಟನ್ ಆನ್ ಇರಲಿ. ಇದರಲ್ಲಿ ಮೊದಲು ನೋಡಬೇಕಾದ್ದು ಮುಖವನ್ನಲ್ಲ, ದೀಪಗಳನ್ನು. ಒಂದು ಫೋಟೊ ತೆಗೆದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಕೆಂಪು ಬಿಲ್ಲೆ ಕೆಂಪಾಗೇ ಇದೆಯಾ, ಹಳದಿ ಬಿಲ್ಲೆ ಬೆಳ್ಳಗೆ ಸುಟ್ಟುಹೋಗಿದೆಯಾ? ಸುಟ್ಟಿದ್ದರೆ ಐಎಸ್‌ಒ ಇಳಿಸಿ. ಬಣ್ಣ ಉಳಿಯಿತು, ಆದರೆ ಮುಖ ಕಪ್ಪಾಯಿತು ಅಂದರೆ ಸೆಟ್ಟಿಂಗ್ ಮುಟ್ಟಬೇಡಿ. ಅಕ್ಕನನ್ನು ಅಂಗಡಿಯ ಗಾಜಿಗೆ ಒಂದು ಹೆಜ್ಜೆ ಹತ್ತಿರ ಕರೆಯಿರಿ. ಒಂದೇ ಹೆಜ್ಜೆಗೆ ಮುಖದ ಬೆಳಕು ಎಷ್ಟು ಏರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಈ ಕ್ರಮ ರೂಢಿಯಾದರೆ ನಿಮ್ಮ ಅರ್ಧ ಕಷ್ಟ ಕಳೆಯಿತು: ಸೆಟ್ಟಿಂಗ್ ದೀಪಕ್ಕೆ, ಜಾಗ ಮುಖಕ್ಕೆ. ಬೆಳಕು ಕಡಿಮೆ ಇರುವ ಕಡೆ ಐಎಸ್‌ಒ 3200ರವರೆಗೆ ಧೈರ್ಯವಾಗಿ ಹೋಗಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಅಲುಗಾಡಿದ ಫೋಟೊಗಿಂತ ಮೇಲು.

ಶಟರ್ 1/50 ಅಂತ ಸುಮ್ನೆ ಹೇಳಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೀರಿಯಲ್ ಸೆಟ್‌ಗಳು ಸೆಕೆಂಡಿಗೆ 50 ಅಥವಾ 100 ಸಲ ಹತ್ತಿ ಆರುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. 1/500 ಇಟ್ಟರೆ ಒಂದು ಫೋಟೊದಲ್ಲಿ ದೀಪ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. 1/50ರಲ್ಲಿ ಒಂದು ಸುತ್ತು ಪೂರ್ತಿ ಸಿಗುತ್ತದೆ. ಆದರೆ ಆ ವೇಗದಲ್ಲಿ ಸ್ಟೆಬಿಲೈಜರ್ ನಿಮ್ಮ ಕೈಯ ನಡುಕವನ್ನು ಮಾತ್ರ ಹಿಡಿಯುತ್ತದೆ, ಅಕ್ಕನ ಅಲುಗಾಟವನ್ನಲ್ಲ. ‘ಉಸಿರು ಬಿಟ್ಟು ಒಂದು ಕ್ಷಣ ಹಾಗೇ ಇರು’ ಅಂತ ಹೇಳಿ, ಮೂರ್ನಾಲ್ಕು ಒಟ್ಟಿಗೆ ಹೊಡೆಯಿರಿ. ನೀವು ಯಾವುದಾದರೂ ಕಂಬಕ್ಕೋ ಗೋಡೆಗೋ ಒರಗಿಕೊಳ್ಳಿ. ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ರಾತ್ರಿ ಬಿಚ್ಚಿಡಿ. ದೀಪಗಳ ಪ್ರತಿಬಿಂಬ ಅದರಲ್ಲಿ ಬಡಿದು, ಇಲ್ಲದ ಜಾಗದಲ್ಲಿ ಹಸಿರು ಚುಕ್ಕಿಗಳು ಬರುತ್ತವೆ.

ಫ್ಲ್ಯಾಶ್ ಹಾಕಿದಾಗ ದೀಪಗಳು ಮಾಯವಾಗಿದ್ದು ಇದೇ ಶಟರ್ ಕಾರಣಕ್ಕೆ. ಆಟೊ ಮೋಡಿನಲ್ಲಿ ಕ್ಯಾಮೆರಾ ಫ್ಲ್ಯಾಶ್ ಜೊತೆ ಶಟರ್ ವೇಗ ಏರಿಸಿ ಐಎಸ್‌ಒ ಇಳಿಸುತ್ತದೆ. ಎಂ ಮೋಡಿನಲ್ಲಿ ಮೇಲೆ ಹೇಳಿದ ಸೆಟ್ಟಿಂಗ್ ಇಟ್ಟು, ಫ್ಲ್ಯಾಶ್ ಮುಂದೆ ಬಟರ್ ಪೇಪರ್ ಅಂಟಿಸಿ, ಅದರ ಶಕ್ತಿ ತಗ್ಗಿಸಿದರೆ ದೀಪಗಳು ಉಳಿಯುತ್ತವೆ. ಅಂಗಡಿ ಬೆಳಕು ಸಿಗದ ಕಡೆ ಮಾತ್ರ ಇದು. ಮುಖದ ಮೇಲೆ ನೇರ ಹೊಡೆದ ಫ್ಲ್ಯಾಶಿಗೆ ಅಂಗಡಿ ಗಾಜಿನ ಬೆಳಕಿನ ಮೃದುತನ ಬರುವುದೇ ಇಲ್ಲ.

ಅರಮನೆ ಬಗ್ಗೆ ನೀವು ಕೇಳಿಲ್ಲ, ಆದರೆ ಮೈಸೂರಿಗೆ ಬಂದವರು ಅರಮನೆ ಬಿಡುತ್ತಾರಾ? ದಸರಾದಲ್ಲಿ ದಿನವೂ, ಬೇರೆ ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳರ ಹೊತ್ತಿಗೆ ಲಕ್ಷದ ಹತ್ತಿರ ಬಲ್ಬುಗಳು ಹತ್ತುತ್ತವೆ. ಅಲ್ಲಿ ನನ್ನ ಸಲಹೆ ಪೂರ್ತಿ ಉಲ್ಟಾ. ಅಲ್ಲಿ ದೊಡ್ಡ ಕಂಡಿ ಬೇಡ. ಅರಮನೆಯ ಬಲ್ಬುಗಳು ಒಂದಕ್ಕೊಂದು ತೀರಾ ಹತ್ತಿರ. 50 ಎಂಎಂ 1.8ರಲ್ಲಿ ಹತ್ತಿರದಿಂದ ಮುಖ ತೆಗೆದರೆ, ನೂರು ಮೀಟರ್ ಹಿಂದಿರುವ ಅರಮನೆಯ ಮೇಲೆ ಒಂದೊಂದು ಬಲ್ಬೂ ಸುಮಾರು ಎರಡು ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಎಲ್ಲ ಬಿಲ್ಲೆಗಳೂ ಒಂದರ ಮೇಲೊಂದು ಬಿದ್ದು ಹಳದಿ ಗೋಡೆ ಬಳಿದ ಹಾಗೆ ಆಗುತ್ತದೆ. ಅದು ಅರಮನೆಯೋ ಪೆಟ್ರೋಲ್ ಬಂಕೋ ಯಾರಿಗೂ ಗೊತ್ತಾಗದು. ಇಲ್ಲಿ ನಿಮ್ಮ 18-55 ತೆಗೆಯಿರಿ. 55ರಲ್ಲಿ 5.6 ಇಟ್ಟರೆ ಹರಡುವುದು ಎರಡು ಅಡಿ ಚಿಲ್ಲರೆ. ಗೋಪುರ, ಕಮಾನುಗಳ ಆಕಾರ ಮೆತ್ತಗೆ ಉಳಿದುಕೊಳ್ಳುತ್ತದೆ, ನೋಡಿದವರಿಗೆ ಮೈಸೂರು ಅಂತ ಗೊತ್ತಾಗುತ್ತದೆ. ಬಿಲ್ಲೆ ಬೇಕಾದರೆ ಬಿಡಿ ಬಿಡಿ ದೀಪ ಹುಡುಕಿ, ಸಾಲು ದೀಪ ಅಲ್ಲ.

ಮೈಸೂರಿಗೆ ಬರುವ ಮೊದಲು ಮಂಡ್ಯದಲ್ಲೇ ಅಭ್ಯಾಸ ಮಾಡಿ. ನೂರಡಿ ರಸ್ತೆಯಲ್ಲಿ ಸಂಜೆ ಅಂಗಡಿ ಬೆಳಕೂ ಇದೆ, ವಾಹನಗಳ ಸಾಲೂ ಇದೆ. ಹಗಲಿನಲ್ಲೂ ಒಂದು ಉಪಾಯ ಇದೆ. ಬೆಳಗಿನ ಬಿಸಿಲು ನೀರಿನ ಮೇಲೆ ಹೊಳೆಯುವಾಗ ಒಂದೊಂದು ಅಲೆಯ ಮಿಂಚೂ ಒಂದೊಂದು ಬಿಲ್ಲೆ. ಕೆರೆ ದಂಡೆ, ವಿ.ಸಿ. ನಾಲೆ ಎಲ್ಲಾದರೂ ಆಗುತ್ತದೆ. ಆದರೆ ನಾಲೆ ಏರಿಯ ಮೇಲೆ ಕಣ್ಣು ಕ್ಯಾಮೆರಾದಲ್ಲಿಟ್ಟು ಹಿಂದಕ್ಕೆ ಹೆಜ್ಜೆ ಹಾಕುವುದನ್ನು ಯಾವತ್ತೂ ಮಾಡಬೇಡಿ. ಅಕ್ಕನನ್ನೂ ನೀರಿನ ಅಂಚಿಗೆ ನಿಲ್ಲಿಸಬೇಡಿ. 200ರಲ್ಲಿ ತೆಗೆಯುವಾಗ ನೀರು ಎಷ್ಟು ದೂರ ಇದ್ದರೂ ಸಾಕು.

ಮೊಬೈಲಿನಲ್ಲಿ ಆಗಲ್ವಾ ಅಂತ ಕೇಳುವವರೂ ಇದ್ದಾರೆ. ಮೊಬೈಲ್ ಲೆನ್ಸಿನ ನಿಜವಾದ ಕಂಡಿ ಹೆಚ್ಚು ಕಡಿಮೆ ಮೂರು ಮಿಲಿಮೀಟರ್. ಪೋರ್ಟ್ರೇಟ್ ಮೋಡಿನ ಮಸುಕು ಲೆಕ್ಕಾಚಾರದಲ್ಲಿ ಮಾಡಿದ್ದು. ಮಲ್ಲಿಗೆ ದಂಡೆಯ ಅಂಚು, ಹಾರುವ ಕೂದಲು ಇರುವ ಕಡೆ ಅದು ಎಡವುತ್ತದೆ. ನಿಮ್ಮ ಹತ್ತಿರ ಒಳ್ಳೆಯ ಕ್ಯಾಮೆರಾ ಇರುವಾಗ ಅದರ ಮಾತು ಬೇಡ.

ಇನ್ನು ಆ ಐದು ಸಾವಿರ. ಒಂದಿಷ್ಟು ತಿಂಗಳು ಈ ಎರಡು ಲೆನ್ಸಿನಲ್ಲೇ ತೆಗೆದ ಮೇಲೆ, ಮನೆ ಒಳಗೆ, ನಾಮಕರಣ, ನಿಶ್ಚಿತಾರ್ಥಗಳಲ್ಲಿ ಬೆಳಕು ಸಾಲುತ್ತಿಲ್ಲ ಅನಿಸಿದರೆ ಆಗ 50 ಎಂಎಂ 1.8 ಸೆಕೆಂಡ್ ಹ್ಯಾಂಡ್ ನೋಡಿ. 5.6ಕ್ಕಿಂತ ಅದು ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದರ ನಿಜವಾದ ಬೆಲೆ ಅಲ್ಲಿರುವುದು. ಮನೆಯಲ್ಲಿ ತೆಗೆಯುವಾಗ ಸೀರಿಯಲ್ ಸೆಟ್ಟನ್ನು ಗೋಡೆಗೆ ಕಟ್ಟಿ, ಅಕ್ಕನನ್ನು ಗೋಡೆಯಿಂದ ಆದಷ್ಟು ದೂರ, ಬಾಗಿಲ ಕಡೆ ಕೂರಿಸಿ. ಮುಖಕ್ಕೆ ಒಂದು 9 ವ್ಯಾಟ್ ಬಲ್ಬು, ಅದರ ಮುಂದೆ ಒಂದು ಬಿಳಿ ಪಂಚೆ ಇಳಿಬಿಟ್ಟರೆ ಬೆಳಕು ಮೆತ್ತಗಾಗುತ್ತದೆ. ಬಟ್ಟೆ ಬಲ್ಬಿಗೆ ತಾಗದಿರಲಿ. ಇನ್ನೊಂದು ಪಕ್ಕಕ್ಕೆ ಥರ್ಮಾಕೋಲ್ ಹಾಳೆ ಹಿಡಿದರೆ ನೆರಳೂ ತಿಳಿಯಾಗುತ್ತದೆ.

ಕ್ಯಾನನ್ನಿನ ಈ 50 ಎಂಎಂ 1.8 ಲೆನ್ಸಿನಲ್ಲಿ ಹಳೆಯ ‘ಟು’ ಮಾಡೆಲ್, ಹೊಸ ‘ಎಸ್‌ಟಿಎಂ’ ಮಾಡೆಲ್ ಎರಡೂ ಸಿಗುತ್ತವೆ. 2015ರಲ್ಲಿ ಬಂದ ಎಸ್‌ಟಿಎಂ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕ್ಯಾಮೆರಾಗೆ ಕೂರುವ ಜಾಗ ಅದರಲ್ಲಿ ಲೋಹದ್ದು, ಹಳೆಯದರಲ್ಲಿ ಪ್ಲಾಸ್ಟಿಕ್. ಅಪರ್ಚರಿನ ಎಸಳು ಎಸ್‌ಟಿಎಂನಲ್ಲಿ ಏಳು, ಹಳೆಯದರಲ್ಲಿ ಐದು. ಹಾಗಾಗಿ ಹಳೆಯದನ್ನು 2.8ಕ್ಕೋ 4ಕ್ಕೋ ಇಳಿಸಿದ ಕೂಡಲೇ ಬಿಲ್ಲೆಗಳು ದುಂಡಗಿರದೆ ಐದು ಮೂಲೆಯವಾಗುತ್ತವೆ. ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಲೆನ್ಸ್ ಹಿಂದಿನಿಂದ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಅದು ಫಂಗಸ್, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ನಿಮ್ಮ ಕ್ಯಾಮೆರಾಗೇ ಹಾಕಿ, ಹತ್ತಿರಕ್ಕೆ ಒಮ್ಮೆ ದೂರಕ್ಕೆ ಒಮ್ಮೆ ಫೋಕಸ್ ಮಾಡಿ, ಮೋಟರ್ ತಡವರಿಸದೆ ಹೋಗುತ್ತದಾ ನೋಡಿ. ಆಮೇಲೆ 1.8ರಲ್ಲೇ ಒಂದು ಮುಖ ತೆಗೆದು, ಹತ್ತಿರದ ಕಣ್ಣಿನ ರೆಪ್ಪೆ ಶಾರ್ಪ್ ಬಂದಿದೆಯಾ ಅಂತ ಅಲ್ಲೇ ದೊಡ್ಡದು ಮಾಡಿ ನೋಡಿಕೊಂಡೇ ದುಡ್ಡು ಕೊಡಿ.